ಎರಡನೆಯ ಎಡೆ

ಹೊಸಪೇಟೆಯ ಸ್ಟೇಷನ್ನಿನಿಂದ ನಸುಕಿನಲ್ಲಿ ಹೊರಟ ಗಾಳೆಪ್ಪನ ಎತ್ತಿನ ಗಾಡಿ ಕಮಲಾಪುರ ದಾಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ದಾರಿಯುದ್ದಕ್ಕೂ ಹಂಪಿಯ ಮುರುಕು ಮಂಟಪಗಳು, ಸೂರಿಲ್ಲದ ಗುಡಿಗಳು, ಒಂಟಿ ಕಂಬಗಳು. ಐದು ವರ್ಷದ ಸಿದ್ದಿ ಗಾಡಿಯ ಹಿಂದಿನಿಂದ ತಲೆ ಹೊರಗೆ ಹಾಕಿ ನೋಡಿ ಕೇಳಿದಳು: "ಅಕ್ಕಾ, ಇಲ್ಲಿ ಬಾಂಬು ಯಾವಾಗ ಹಾಕಿದ್ರು?"

ಗಾಳೆಪ್ಪನಿಗೆ ನಗು ತಡೆಯಲಾಗಲಿಲ್ಲ. "ಬಾಂಬು ಅಲ್ಲವ್ವ ತಂಗಿ. ನಮ್ಮಜ್ಜನ ಅಜ್ಜ ಹುಟ್ಟಾಕ ಮೊದ್ಲ ಇದು ಹಿಂಗ ಬಿದ್ದೈತಿ. ಯಾವೂರವ್ವ ನಿಮ್ದು?"

"ರಂಗೂನು," ಎಂದಳು ಸಿದ್ದಿ.

"ಕಂಪ್ಲಿ," ಎಂದಳು ಅಕ್ಕನಾಗಮ್ಮ, ತಂಗಿಯ ಮಾತು ಮುಗಿಯುವ ಮೊದಲೇ.

ಅಕ್ಕನಾಗಮ್ಮನಿಗೆ ಹದಿನೇಳು ವರ್ಷ. ಕಂಪ್ಲಿಯನ್ನು ಅವಳು ಕಂಡದ್ದು ಅಪ್ಪನ ಬಾಯಲ್ಲಿ ಮಾತ್ರ. ಅಪ್ಪ ವಿರುಪಾಕ್ಷಪ್ಪ ಇಪ್ಪತ್ತರ ಹರೆಯದಲ್ಲಿ ಅಣ್ಣನೊಂದಿಗೆ ಮುನಿಸಿಕೊಂಡು ಮದ್ರಾಸಿಗೆ ಹೋಗಿ ಹಡಗು ಹತ್ತಿದವನು. ರಂಗೂನಿನ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾದ. ಅದೇ ಗಿರಣಿಯ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಮಾ ಖಿನ್ ಎಂಬ ಬರ್ಮಾದ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಹುಟ್ಟಿದ ಎರಡು ಹೆಣ್ಣುಮಕ್ಕಳಿಗೆ ತನ್ನ ತಾಯಿಯ ಹೆಸರು, ಅಜ್ಜಿಯ ಹೆಸರು ಇಟ್ಟ: ದೊಡ್ಡವಳು ಅಕ್ಕನಾಗಮ್ಮ, ಚಿಕ್ಕವಳು ಮರುಳಸಿದ್ದಮ್ಮ, ಕರೆಯುವುದು ಸಿದ್ದಿ ಎಂದು. ಇಬ್ಬರ ಕೊರಳಿಗೂ ಲಿಂಗ ಕಟ್ಟಿಸಿದ. ದಿನಾ ಸಂಜೆ ಎದುರಿಗೆ ಕೂರಿಸಿಕೊಂಡು ಕನ್ನಡ ಕಲಿಸಿದ. ಹೆಂಡತಿಯೊಂದಿಗೆ ಮಾತ್ರ ಅವಳ ಭಾಷೆಯಲ್ಲೇ ಮಾತು. ಅವಳು ಪಕ್ಕದಲ್ಲಿ ಸೊಪ್ಪು ಸೋಸುತ್ತ ಕೂತಿರುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಕನ್ನಡ ಬಾರದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೀಗೆ ಎಲ್ಲರಿಗೂ ಗೊತ್ತಿದ್ದುದನ್ನು ಯಾರೂ ಕೇಳಿ ನೋಡುವ ಗೊಡವೆಗೆ ಹೋಗುವುದಿಲ್ಲ.

ಹೋದ ಚಳಿಗಾಲದಲ್ಲಿ ಜಪಾನಿನವರ ಬಾಂಬುಗಳು ರಂಗೂನಿನ ಮೇಲೆ ಬಿದ್ದವು. ಹಡಗು ಸಿಗದ ಸಾವಿರಾರು ಜನರ ಜೊತೆ ಈ ನಾಲ್ವರೂ ನಡೆದೇ ಹೊರಟರು. ಪ್ರೋಮ್ ಪಟ್ಟಣ ದಾಟಿ ಬೆಟ್ಟದ ದಾರಿ ಹಿಡಿದ ನಾಲ್ಕನೆಯ ದಿನ ಅಪ್ಪನಿಗೆ ವಾಂತಿಭೇದಿ ಹತ್ತಿತು. ಹೆಂಡತಿ ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸುತ್ತಿದ್ದಳು. ಅವನು ದೊಡ್ಡ ಮಗಳನ್ನು ಹತ್ತಿರ ಕರೆದ.

"ನಿಮ್ಮ ದೊಡ್ಡಪ್ಪಗ ಬರೆದ ಕಾಗದದಾಗ ಸುಳ್ಳು ಬರೆದೀನವ್ವ. ಹುಡುಗಿ ನಮ್ಮ ಪೈಕಿ, ಬಳ್ಳಾರಿ ಕಡಿಯೋರು ಅಂತ ಬರೆದೀನಿ. ನನಗ ಧೈರ್ಯ ಸಾಲಲಿಲ್ಲ. ನೀ ನಿಜ ಹೇಳು. ನಿಮ್ಮವ್ವನ್ನ ಬಿಡಬ್ಯಾಡ."

"ಹೂಂ," ಎಂದಿದ್ದಳು ಅಕ್ಕನಾಗಮ್ಮ. ಸಾಯುವವರ ಎದುರಿಗೆ ಹೂಂ ಎನ್ನಲು ಖರ್ಚೇನೂ ಇಲ್ಲ. ಈಗ ಗಾಡಿಯಲ್ಲಿ ಆ ಹೂಂ ನೆನಪಾಯಿತು. ಎದುರಿಗೆ ತಾಯಿ, ಕಲ್ಕತ್ತೆಯಲ್ಲಿ ಯಾರೋ ದಾನ ಕೊಟ್ಟ ಸೀರೆಯನ್ನು ಲುಂಗಿಯ ಹಾಗೆ ಸುತ್ತಿಕೊಂಡು, ಪ್ರತಿಯೊಂದು ಮುರುಕು ಮಂಟಪಕ್ಕೂ ಕೈ ಮುಗಿಯುತ್ತಿದ್ದಳು. ಆ ಗುಡಿಯೊಳಗೆ ದೇವರಿದ್ದಾನೋ ಬಾವಲಿ ಇದೆಯೋ ಅವಳಿಗೇನು ಗೊತ್ತು. ಅಕ್ಕನಾಗಮ್ಮನಿಗೆ ಆಗಲೇ ಸ್ವಲ್ಪ ನಾಚಿಕೆಯಾಯಿತು. ಗಾಳೆಪ್ಪ ನೋಡಿದನೇನೋ ಎಂದು ಮುಂದೆ ತಿರುಗಿ ನೋಡಿದಳು.

ಕಂಪ್ಲಿಯ ಕೋಟೆಯ ಹತ್ತಿರ ದೊಡ್ಡಪ್ಪ ಜಡೆಪ್ಪನ ಮನೆ. ಊರಲ್ಲಿ ಹೆಸರುಳ್ಳ ಕುಳ, ಸ್ವಂತದ ಅಕ್ಕಿ ಗಿರಣಿ. ಅಪ್ಪ ತೀರಿಕೊಂಡ ಸುದ್ದಿ ಕಲ್ಕತ್ತೆಯಿಂದ ಬರೆದ ಕಾಗದದಲ್ಲಿ ಮೊದಲೇ ಮುಟ್ಟಿತ್ತು. ಗಾಡಿ ನಿಂತದ್ದೇ ತಡ, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ದೊಡ್ಡವ್ವ ಚೆನ್ನಬಸಮ್ಮ ಓಡಿ ಬಂದು ಇಬ್ಬರನ್ನೂ ಬಾಚಿ ತಬ್ಬಿಕೊಂಡು ಅತ್ತಳು. ಸುಳ್ಳಿನ ಅಳುವಲ್ಲ ಅದು; ಆಕೆಗೆ ಮಕ್ಕಳಿರಲಿಲ್ಲ.

"ಬರ್ರವ್ವ, ನನ್ನ ಬಂಗಾರಗಳಿರಾ. ಬರ್ರಿ, ಕುಂದ್ರಿ. ನಿಮ್ಮವ್ವ ಎಲ್ಲದಾಳ?"

ತಾಯಿ ನಾಲ್ಕು ಹೆಜ್ಜೆ ಹಿಂದೆ, ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದಳು. ಬರಿಗಾಲು. ಕೆನ್ನೆಗೆ ತನಖಾ ಹಚ್ಚಿದ ಹಳದಿ ಗುರುತು. ತನಖಾ ಎಂದರೆ ಅವಳ ನಾಡಿನ ಒಂದು ಮರದ ತೊಗಟೆ. ಅದನ್ನು ತೇಯ್ದು ಮುಖಕ್ಕೆ ಹಚ್ಚದೆ ಅಲ್ಲಿಯ ಹೆಂಗಸು ಹೊರಗೆ ಬರುವುದಿಲ್ಲ. ಗಂಡನ ಸಾವಿನಲ್ಲಿ, ಬೆಟ್ಟದ ದಾರಿಯಲ್ಲಿ, ರೈಲಿನಲ್ಲಿ ಅದನ್ನು ಬಿಟ್ಟಿದ್ದವಳು, ಗಂಡನ ಊರಿಗೆ ಹೋಗುತ್ತಿದ್ದೇನೆಂದು ಅಂದು ಬೆಳಿಗ್ಗೆ ಸ್ಟೇಷನ್ನಿನ ಕಟ್ಟೆಯ ಮೇಲೆ ತೊಗಟೆಯ ತುಂಡು ತೇಯ್ದು ಹಚ್ಚಿಕೊಂಡಿದ್ದಳು.

ಚೆನ್ನಬಸಮ್ಮನ ಕಣ್ಣು ಆ ಕೆನ್ನೆಯ ಮೇಲೆ ನಿಂತಿತು, ಆಮೇಲೆ ಲಿಂಗವಿಲ್ಲದ ಬರಿ ಕೊರಳಿನ ಮೇಲೆ. "ಈಕಿ ಯಾರು?"

ನಿಜ ಅಕ್ಕನಾಗಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಬಾಗಿಲಿನಾಚೆ ತಣ್ಣನೆಯ ಕಲ್ಲು ಹಾಸಿದ ಪಡಸಾಲೆ ಕಾಣುತ್ತಿತ್ತು. ಒಳಗಿನಿಂದ ರೊಟ್ಟಿ ಸುಡುವ ವಾಸನೆ ಬರುತ್ತಿತ್ತು. ಮೂರು ತಿಂಗಳಿಂದ ಅವಳು ಸೂರಿನ ಕೆಳಗೆ ಸರಿಯಾಗಿ ಮಲಗಿರಲಿಲ್ಲ. ಸುತ್ತ ನಿಂತ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ತಾಯಿಯ ಸೀರೆ ನೋಡಿ ನಗುತ್ತಿದ್ದಳು.

"ಅವ್ವ ದಾರ್ಯಾಗ ತೀರಿಕೊಂಡ್ಳು," ಎಂದಳು ಅಕ್ಕನಾಗಮ್ಮ. "ಈಕಿ ನಮ್ಮ ಆಯಾ. ಗಂಟು ಹೊತ್ತು ಜೋಡಿ ಬಂದ್ಳು."

"ಅಯ್ಯೋ ಶಿವನ! ಅಪ್ಪಗಿಂತ ಮೊದ್ಲ ಹೋದ್ಳಾ, ಆಮ್ಯಾಲ?"

"ಮೊದ್ಲ."

"ಮುತ್ತೈದಿ ಸಾವು ಸಿಕ್ತು, ಪುಣ್ಯವಂತಿ," ಎಂದು ಚೆನ್ನಬಸಮ್ಮ ಕಣ್ಣೊರೆಸಿಕೊಂಡಳು.

ಸಿದ್ದಿ ಬೆರಗಾಗಿ ಅಕ್ಕನ ಮುಖ ನೋಡಿ, ಹಿಂದೆ ತಿರುಗಿ "ಅಮೇ..." ಎಂದು ಬಾಯಿ ತೆರೆದಳು. ಅವರ ಭಾಷೆಯಲ್ಲಿ ಅಮ್ಮನನ್ನು ಕರೆಯುವುದು ಹಾಗೆ. ಅಕ್ಕನಾಗಮ್ಮ ಅವಳ ರೆಟ್ಟೆ ಚಿವುಟಿದಳು. ಮಗು ಕಿರುಚಿ ಅತ್ತಿತು. ಸತ್ತ ತಾಯಿಯ ನೆನಪಾಯಿತೆಂದು ಇಡೀ ಓಣಿಯೇ ಕಣ್ಣೀರು ಹಾಕಿತು.

ತಾಯಿಗೆ ಬೇರೆಯೇ ಸುಳ್ಳು ಬೇಕಾಗಿತ್ತು. ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಅವಳ ಗಂಟು ಇಳಿಸುತ್ತ ಅಕ್ಕನಾಗಮ್ಮ ಬರ್ಮಾ ಮಾತಿನಲ್ಲಿ ಹೇಳಿದಳು: ಇಲ್ಲಿಯ ಪದ್ಧತಿ ಹೀಗೆ, ಗಂಡ ಸತ್ತವಳು ಒಂದು ವರ್ಷ ಒಳಗೆ ಬರುವ ಹಾಗಿಲ್ಲ, ಹೊರಗೇ ಊಟ, ಹೊರಗೇ ಮಲಗುವುದು. ತಾಯಿ ಮಗಳ ಮುಖವನ್ನೇ ನೋಡುತ್ತ ಕೇಳಿದಳು. ಕೊನೆಗೆ, "ಪದ್ಧತಿ ಇದ್ದ ಮೇಲೆ ನಡೆಸಬೇಕು," ಎಂದು ಗಂಟು ಬಿಚ್ಚತೊಡಗಿದಳು. ಪಾಪ, ಏನೂ ತಿಳಿಯಲಿಲ್ಲ ಎಂದು ಅಕ್ಕನಾಗಮ್ಮ ಸಮಾಧಾನಪಟ್ಟಳು. ನಾಲ್ಕು ದಿನ ಕಳೆಯಲಿ, ದೊಡ್ಡಪ್ಪನಿಗೆ ನಿಧಾನ ಹೇಳಿದರಾಯಿತು ಎಂದುಕೊಂಡಳು.

ನಾಲ್ಕು ದಿನ ನಲವತ್ತಾದವು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅಕ್ಕನಾಗಮ್ಮ ಹೊಳೆಯಿಂದ ಕೊಡದ ಮೇಲೆ ಕೊಡ ಇಟ್ಟು ನೀರು ತರಲು ಕಲಿತಳು. ಮೊದಲ ವಾರ ಎರಡು ಕೊಡ ಒಡೆದಳು. ರೊಟ್ಟಿ ಬಡಿಯಲು ಕಲಿತಳು. ಮೊದಮೊದಲು ಅವಳ ರೊಟ್ಟಿ ನೋಡಿ ದೊಡ್ಡವ್ವ, "ಇದು ರೊಟ್ಟಿ ಅಲ್ಲವ್ವ, ಬರ್ಮಾ ದೇಶದ ನಕಾಶಿ," ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ದೊಡ್ಡಪ್ಪನಿಗೆ ಮೊದಲ ದಿನ ತಮ್ಮ ಕಡೆಯ ರೂಢಿಯಂತೆ ಮೂರು ಸಲ ನೆಲಕ್ಕೆ ಹಣೆ ಹಚ್ಚಿದ್ದಳು. "ಒಂದು ಸಲ ಸಾಕವ್ವ, ನಾ ಏನು ವಿರುಪಾಕ್ಷ ದೇವರಾ?" ಎಂದಿದ್ದ ಜಡೆಪ್ಪ. ಆಮೇಲೆ ಅದನ್ನೂ ಬಿಟ್ಟಳು. ಓಣಿಯ ಹೆಂಗಸರು ಅವಳ ಮಾತು ಕೇಳಿ, "ಥೇಟ್ ವಿರುಪಾಕ್ಷಪ್ಪನ ಮಾತು" ಎಂದು ಮೆಚ್ಚುವರು. ಆಗ ಅವಳ ಎದೆ ಉಬ್ಬುತ್ತಿತ್ತು. ಉಬ್ಬಿದ ಎದೆ ಕೊಟ್ಟಿಗೆಯ ಕಡೆ ಕಣ್ಣು ಹೋದೊಡನೆ ಇಳಿಯುತ್ತಿತ್ತು.

ತಾಯಿಗೆ ಊಟ ಕೊಡುವುದು ಅವಳದೇ ಕೆಲಸ. ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿಟ್ಟ ತಾಟು ತಾಯಿ ನೆಲದ ಮೇಲಿಡಬೇಕು. ಮಗಳು ತಾಟಿಗೆ ತಾಗದಂತೆ ಮೇಲಿನಿಂದ ಸಾರು ಸುರಿಯಬೇಕು. ಪಡಸಾಲೆಯಿಂದ ಯಾರಾದರೂ ನೋಡುತ್ತಿದ್ದರೆ ಅಕ್ಕನಾಗಮ್ಮ ಇನ್ನೂ ಒಂದು ಗೇಣು ಮೇಲಿನಿಂದಲೇ ಸುರಿಯುವಳು. ಯಾರೂ ಕೇಳದೆ ತಾನೇ ಕೊಡುತ್ತಿದ್ದ ಆ ಒಂದು ಗೇಣು ಅವಳನ್ನು ಮಲಗಿದಾಗ ಕಾಡುತ್ತಿತ್ತು.

ಸಿದ್ದಿಗೆ ಕಲಿಸಿದ್ದಂತೂ ಹೇಳಬಾರದು. "ಅಮೇ" ಎಂದರೆ ಚಿವುಟು, "ಆಯಾ" ಎಂದರೆ ಬೆಲ್ಲದ ಚೂರು. ಮಕ್ಕಳು ಬೆಲ್ಲದ ಕಡೆಯವು. ಒಂದು ತಿಂಗಳಾಗುವಷ್ಟರಲ್ಲಿ ಸಿದ್ದಿ ದೊಡ್ಡವ್ವನ ತೊಡೆಯ ಮೇಲೆ ಕೂತು, "ಆಯಾ, ನನ್ನ ಗೊಂಬಿ ತಾ" ಎಂದು ಕೂಗುವಂತಾದಳು. ತಾಯಿ ಗೊಂಬೆ ತಂದು ಹೊಸ್ತಿಲ ಹೊರಗೆ ಇಡುವಳು. ಅಕ್ಕನಾಗಮ್ಮ ಬೇರೆಲ್ಲೋ ನೋಡುವಳು.

ಒಂದು ಸೋಮವಾರ ಚೆನ್ನಬಸಮ್ಮ ಲಿಂಗಪೂಜೆಯ ಗಂಧದ ಕಲ್ಲನ್ನು ತೊಳೆದು ಬಿಲ್ವಪತ್ರೆಯ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಳು. ತಾಯಿ ಹಿತ್ತಲು ಗುಡಿಸುತ್ತ ಅದನ್ನು ಕಂಡಳು. ಅವಳ ನಾಡಿನಲ್ಲಿ ಪ್ರತಿ ಮನೆಯಲ್ಲೂ ಇಂಥದೇ ದುಂಡು ಕಲ್ಲು ಇರುತ್ತದೆ. ಅದು ಇರುವುದೇ ತನಖಾ ತೇಯಲು, ಅದನ್ನು ಹೊರಗಿಡುವುದೇ ಮನೆಯ ಹೆಣ್ಣುಮಕ್ಕಳು ಹಚ್ಚಿಕೊಳ್ಳಲಿ ಎಂದು. ಅಂತೂ ಈ ಮನೆಯಲ್ಲೂ ಕಲ್ಲು ಇದೆಯಲ್ಲ ಎಂದು ಅವಳಿಗೆ ಎಷ್ಟು ಸಂತೋಷವಾಯಿತೋ! ಗಂಟಿನಲ್ಲಿ ಉಳಿದಿದ್ದ ತೊಗಟೆಯ ತುಂಡು ತಂದು, ನೀರು ಚಿಮುಕಿಸಿ ತೇಯ್ದಳು. ಹಿತ್ತಲಿಗೆ ಬಂದ ಅಕ್ಕನಾಗಮ್ಮನನ್ನು ಕೈಮಾಡಿ ಕರೆದು, ಬಿಸಿಲಿಗೆ ಕಂದಿದ ಅವಳ ಕೆನ್ನೆಗೆ ಎರಡು ಬೆರಳಿನಿಂದ ತಣ್ಣಗೆ ಹಚ್ಚಿದಳು. ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ಹಚ್ಚಿದ ಬೆರಳು. ಅಕ್ಕನಾಗಮ್ಮ ಕಣ್ಣು ಮುಚ್ಚಿ ನಿಂತುಬಿಟ್ಟಳು. ಒಂದು ಗಳಿಗೆ ಅವಳಿಗೆ ಕಂಪ್ಲಿಯೂ ಇರಲಿಲ್ಲ, ಸುಳ್ಳೂ ಇರಲಿಲ್ಲ.

"ಯಾರಲೇ ಗಂಧದ ಕಲ್ಲು ಮುಟ್ಟಿದ್ದು!"

ಹಿಂಬಾಗಿಲಿನಲ್ಲಿ ದೊಡ್ಡವ್ವ ನಿಂತಿದ್ದಳು. ಹಿಂದೆ ದೊಡ್ಡಪ್ಪ, ಅಂದು ಪೂಜೆಗೆ ಬಂದಿದ್ದ ಚನ್ನಯ್ಯಸ್ವಾಮಿಗಳು. ಅಕ್ಕನಾಗಮ್ಮ ಸೆರಗಿನಿಂದ ಕೆನ್ನೆಯನ್ನು ಗಸಗಸ ಒರೆಸಿಕೊಂಡಳು, ಚರ್ಮ ಕಿತ್ತು ಬರುವ ಹಾಗೆ.

"ಈ ಆಯಾ ರೀ," ಎಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ತಾಯಿಯ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. "ಎಷ್ಟು ಸಲ ಹೇಳಬೇಕಲೇ ನಿನಗ? ದನಕ್ಕಾದ್ರೂ ತಿಳಿತೈತಿ, ನಿನಗ ತಿಳಿಯಂಗಿಲ್ಲ!"

ತಾಯಿ ಬೆರಳಿಗೆ ಹತ್ತಿದ್ದ ತನಖಾವನ್ನು ಸೀರೆಗೆ ಒರೆಸಿಕೊಂಡು ತಲೆ ತಗ್ಗಿಸಿ ನಿಂತಳು. ಕನ್ನಡ ಬಾರದವಳು, ಬೈಗುಳದ ದನಿ ಮಾತ್ರ ಕೇಳಿರುತ್ತದೆ, ಅರ್ಥ ತಿಳಿದಿರಲಿಕ್ಕಿಲ್ಲ ಎಂದು ಅಕ್ಕನಾಗಮ್ಮ ಆಮೇಲೆ ನೂರು ಸಲ ತನಗೆ ತಾನೇ ಹೇಳಿಕೊಂಡಳು. ಆ ಸಂಜೆಯೇ ತಾಯಿಯ ಗಂಟು ಕೊಟ್ಟಿಗೆಯಿಂದ ಗಿರಣಿಯ ಹೊಟ್ಟಿನ ಕೋಣೆಗೆ ಹೋಯಿತು. ಅಲ್ಲಿ ಅಕ್ಕಿ ಕೇರುವ ಹೆಂಗಸರೊಂದಿಗೆ ಅವಳನ್ನೂ ಕೂರಿಸಿದರು. ಗಂಡನನ್ನು ಮೊದಲು ಕಂಡಾಗ ಮಾಡುತ್ತಿದ್ದ ಕೆಲಸವನ್ನೇ, ಗಂಡನ ಊರಿಗೆ ಬಂದು, ಗಂಡನ ಅಣ್ಣನ ಗಿರಣಿಯಲ್ಲಿ ಮಾಡತೊಡಗಿದಳು.

ಇಷ್ಟರಲ್ಲಿ ಜಡೆಪ್ಪನಿಗೆ ಒಂದು ಚಿಂತೆ ಹತ್ತಿತ್ತು. ತಮ್ಮ, ತಮ್ಮನ ಹೆಂಡತಿ ಹಾದಿಯ ಹೆಣವಾದರು. ಅವರ ಹೆಸರಿನಲ್ಲಿ ನಾಲ್ಕು ಮಂದಿ ಜಂಗಮರಿಗೆ ಊಟ ಹಾಕಿಲ್ಲ, ಗಣಾರಾಧನೆ ಮಾಡಿಲ್ಲ. "ಮಣ್ಣಂತೂ ಕೊಡಲಿಲ್ಲ, ಎಡೆನಾದ್ರೂ ಇಡಾಣ," ಎಂದ. ಸ್ವಾಮಿಗಳು ದಿನ ಹೇಳಿದರು. ಅಕ್ಕನಾಗಮ್ಮ ಆ ವಾರವೆಲ್ಲ ಒಳಗೊಳಗೇ ಬೆಂದಳು. ಸತ್ತವನಿಗೆ ಎಡೆ ಇಡಲಿ, ಬದುಕಿದವಳಿಗೆ ಹೇಗೆ ಇಡುವುದು? ಹೇಳಬೇಕು, ಇವತ್ತು ಹೇಳಬೇಕು ಎಂದು ಪಡಸಾಲೆಯ ತನಕ ಹೋಗಿ, "ದೊಡ್ಡಪ್ಪಾ, ನೀರು ಬೇಕಾ?" ಎಂದು ಕೇಳಿ ತಿರುಗಿ ಬರುತ್ತಿದ್ದಳು. ಜಡೆಪ್ಪ ಆ ವಾರ ಕುಡಿದಷ್ಟು ನೀರು ಜನ್ಮದಲ್ಲಿ ಕುಡಿದಿರಲಿಕ್ಕಿಲ್ಲ.

ಆ ದಿನ ಬಂತು. ಪಡಸಾಲೆಯಲ್ಲಿ ಎರಡು ಮಣೆ ಹಾಕಿ, ಎರಡು ಎಲೆಗಳಲ್ಲಿ ಎಡೆ ಬಡಿಸಿದರು. ಒಂದರ ಹಿಂದೆ ವಿರುಪಾಕ್ಷಪ್ಪನ ಹೆಸರಿನ ಧೋತರ, ರುಮಾಲು. ಇನ್ನೊಂದರ ಹಿಂದೆ ಮುತ್ತೈದೆಯಾಗಿ ಹೋದವಳ ಹೆಸರಿನಲ್ಲಿ ಹಸಿರು ಸೀರೆ, ಹಸಿರು ಬಳೆ, ಕುಂಕುಮದ ಭರಣಿ. ಓಣಿಯ ಹೆಂಗಸರು ಆ ಎರಡನೆಯ ಎಡೆಯ ಮುಂದೆ ತಲೆಬಾಗಿ ಹೋದರು. ಅಂಗಳದ ಬಾವಿಯ ಹತ್ತಿರ, ಗಿರಣಿಯಿಂದ ಕೆಲಸಕ್ಕೆ ಕರೆಸಿದ್ದ ಮಾ ಖಿನ್, ತನ್ನದೇ ಆರಾಧನೆಯ ಹಂಡೆಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು.

ಮಂಗಳಾರತಿ ಮುಗಿದ ಮೇಲೆ ಚೆನ್ನಬಸಮ್ಮ ಆ ಹಸಿರು ಸೀರೆಯನ್ನು ಎತ್ತಿ ಅಕ್ಕನಾಗಮ್ಮನ ಕೈಗಿಟ್ಟಳು.

"ಅವ್ವನ ಎಡಿ ಸೀರಿ ಮಗಳು ಉಡಬೇಕವ್ವ. ಉಟ್ಟು ಬಂದು ಎಡಿಗೆ ಕೈ ಮುಗಿ. ಆಕಿ ಜೀವ ತಣ್ಣಗಾಗ್ತೈತಿ."

ಅಕ್ಕನಾಗಮ್ಮ ಒಳಗೆ ಹೋಗಿ ಉಟ್ಟು ಬಂದಳು. ಕೈಗೆ ಆ ಹಸಿರು ಬಳೆಗಳನ್ನೂ ಏರಿಸಿದರು. ಪಡಸಾಲೆಗೆ ಕಾಲಿಟ್ಟಾಗ ತೆರೆದ ಬಾಗಿಲಿನಿಂದ ಅಂಗಳ ಕಂಡಿತು. ತಾಯಿ ಬೂದಿಗೈ ಎತ್ತಿ ಬೆವರು ಒರೆಸುತ್ತಿದ್ದವಳು ಮಗಳನ್ನು ಕಂಡಳು. ಮೇಲಿಂದ ಕೆಳಗೆ ನೋಡಿದಳು. ಮಗಳು ಹೊಸ ಸೀರೆ ಉಟ್ಟದ್ದನ್ನು ಅವಳು ನೋಡಿದ್ದು ಇದೇ ಮೊದಲು. ಮುಖ ಅರಳಿ, ಚಂದ ಕಾಣುತ್ತಿ ಎಂದು ತಲೆಯಾಡಿಸಿದಳು.

ಅಕ್ಕನಾಗಮ್ಮ ಹುಚ್ಚಿಯ ಹಾಗೆ ಬಳೆ ಕಳಚಿ ಎಸೆದಳು. "ನಮ್ಮವ್ವ ಸತ್ತಿಲ್ಲ!" ಎಂದು ಕಿರುಚಿದಳು. "ಅಗೋ, ಅಲ್ಲಿ ಕುಂತಾಳ. ಆಕಿನ ನಮ್ಮವ್ವ. ನಾ ಸುಳ್ಳು ಹೇಳಿದೆ, ನಾ ಪಾಪಿ, ಆಕಿನ ನಮ್ಮವ್ವ!"

ಚನ್ನಯ್ಯಸ್ವಾಮಿಗಳು ಎದ್ದು ನಿಂತರು. ದೊಡ್ಡವ್ವ ಸಿದ್ದಿಯನ್ನು ಎದೆಗೆ ಒತ್ತಿಕೊಂಡಳು. ಜಡೆಪ್ಪ ಮೆಲ್ಲಗೆ ಬಾಗಿಲಿಗೆ ಬಂದು ಅಂಗಳದವಳನ್ನು ಕೇಳಿದ, ಉತ್ತರ ಬರಲಿಕ್ಕಿಲ್ಲ ಎಂದುಕೊಂಡೇ ಕೇಳಿದ: "ಏನಬೇ, ಖರೇ ಏನು ಇದು?"

ಮಾ ಖಿನ್ ಎದ್ದಳು. ಕೈ ತೊಳೆದುಕೊಂಡಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಇಲ್ರಿ ಧಣಿ," ಎಂದಳು. "ಹುಡಿಗಿಗೆ ದುಃಖ ಭಾಳ ಆಗೈತಿ, ತಲಿ ಕೆಟ್ಟೈತಿ. ಇವರವ್ವ ದಾರ್ಯಾಗ ಸತ್ತಳು. ನಾ ಕಣ್ಣಾರೆ ನೋಡೀನಿ. ನಾ ಆಯಾ ಅದೀನ್ರಿ."

ಅಚ್ಚ ಕಂಪ್ಲಿಯ ಕನ್ನಡ. ಒಂದು ಅಕ್ಷರ ತಪ್ಪಿರಲಿಲ್ಲ. ಕೊನೆಯ ಮಾತನ್ನು ಒಂದಿಷ್ಟು ಎಳೆಯುವ ರೀತಿ ಕೂಡ ಅಪ್ಪನದೇ.

"ಅಯ್ಯ, ಈಕಿಗೆ ನಮ್ಮ ಮಾತು ಬರ್ತಾವ!" ಎಂದಳು ಯಾರೋ.

"ಧಣೇರ ಮನ್ಯಾಗ ಇಪ್ಪತ್ತು ವರ್ಷ ಕೇಳೀನ್ರಿ," ಎಂದು ಮಾ ಖಿನ್ ಮತ್ತೆ ಹಂಡೆಯ ಮುಂದೆ ಕೂತಳು.

ಇಪ್ಪತ್ತು ವರ್ಷ. ಹಾಗಾದರೆ ಬೆಟ್ಟದ ದಾರಿಯಲ್ಲಿ ಅಪ್ಪ ಹೇಳಿದ್ದು ಅವಳಿಗೆ ತಿಳಿದಿತ್ತು. ಬಾಗಿಲಿನಲ್ಲಿ "ಈಕಿ ನಮ್ಮ ಆಯಾ" ಎಂದದ್ದು ತಿಳಿದಿತ್ತು. ವಿಧವೆಯ ಪದ್ಧತಿಯೆಂಬ ಕಟ್ಟುಕಥೆಗೆ ತಲೆಯಾಡಿಸಿದಾಗಲೂ ತಿಳಿದಿತ್ತು. ದನಕ್ಕಾದರೂ ತಿಳಿಯುತ್ತದೆ ಎಂದು ಕೂಗಿದಾಗ ಮಾತು ಮಾತಿಗೂ ತಿಳಿದಿತ್ತು. ಅಕ್ಕನಾಗಮ್ಮನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ಪಾಪ, ಕೂಸು. ಎಷ್ಟು ನೋಡೈತೋ ಏನೋ," ಎಂದು ಚೆನ್ನಬಸಮ್ಮ ಬಂದು ತಬ್ಬಿಕೊಂಡಳು. ಜಡೆಪ್ಪ ಅಂಗಳದವಳನ್ನು ಒಂದಿಷ್ಟು ಹೊತ್ತು ಹೆಚ್ಚಾಗಿಯೇ ನೋಡಿದ. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು, "ಸ್ವಾಮಿಗಳ, ಕುಂದ್ರಿ, ಊಟಕ್ಕ ಹೊತ್ತಾತು," ಎಂದ. ಎರಡನೆಯ ಸಲ ಯಾರೂ ಏನೂ ಕೇಳಲಿಲ್ಲ.

ಅಕ್ಕನಾಗಮ್ಮ ಹೇಳಬಹುದಿತ್ತು. ಆಕೆ ಸುಳ್ಳು ಹೇಳುತ್ತಿದ್ದಾಳೆ ಎಂದು ಒಂದು ಮಾತು. ಸಿದ್ದಿಯ ಮೂಗು ನೋಡಿರಿ, ಅವಳ ಮೂಗು ನೋಡಿರಿ ಎಂದರೆ ಸಾಕಿತ್ತು. ಬಾಯಿ ತೆರೆಯಲಿಲ್ಲ. ದುಃಖಕ್ಕೆ ಗಂಟಲು ಕಟ್ಟಿತೆಂದು ಬೇಕಾದರೆ ಅವಳು ಮುಂದೆ ಎಂದಾದರೂ ಯಾರಿಗಾದರೂ ಹೇಳಿಕೊಂಡಾಳು. ಆದರೆ ಆಗ ಅವಳ ಎದೆಯಲ್ಲಿ ಆದದ್ದು ಅದಲ್ಲ. ಎದೆ ಹಗುರಾಯಿತು. ಹೇಳಿದ್ದೂ ಆಯಿತು, ಮನೆ ಉಳಿದದ್ದೂ ಆಯಿತು. ಬೆಳಗಿನಿಂದ ಸತ್ತಿದ್ದ ಹಸಿವು ಕೂಡಲೇ ತಿರುಗಿ ಬಂತು.

ಹೆಂಗಸರ ಪಂಕ್ತಿ ಅಂಗಳದ ಚಪ್ಪರದಲ್ಲಿ ಕೂತಿತು. ಹಸಿರು ಸೀರೆಯಲ್ಲೇ ಅಕ್ಕನಾಗಮ್ಮ ದೊಡ್ಡವ್ವನ ಪಕ್ಕ ಕೂತು ಉಂಡಳು. ಹೋಳಿಗೆ ಎರಡು ಹಾಕಿಸಿಕೊಂಡಳು, ತುಪ್ಪ ಬೇಕೆಂದಳು. ಊಟ ಮುಗಿದು ಹೆಂಗಸರು ಕೈ ತೊಳೆಯಲು ಎದ್ದಾಗ ಮಾ ಖಿನ್ ಬುಟ್ಟಿ ಹಿಡಿದುಕೊಂಡು ಸಾಲಿನ ಆ ತುದಿಯಿಂದ ಎಂಜಲೆಲೆ ಎತ್ತುತ್ತ ಬಂದಳು. ಮಗಳ ಎಲೆಯ ಮುಂದೆ ಬಗ್ಗಿದಳು. ಎಲೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. ಅದನ್ನು ನೋಡಿ, ಹೊಟ್ಟೆ ತುಂಬಿತೇ ಎಂದು ಕೇಳುವ ಹಾಗೆ ಒಮ್ಮೆ ಕಣ್ಣೆತ್ತಿದಳು.

ಅಕ್ಕನಾಗಮ್ಮ ಕಾಲು ಹಿಂದಕ್ಕೆ ತೆಗೆದು, ಎಲೆ ಎತ್ತಲು ಜಾಗ ಬಿಟ್ಟಳು.